ಮೀನಿನ ತೊಟ್ಟಿಯ ಕಲ್ಲು: ತೊಳೆಯಬೇಡಿ, ಗಸಿ ಎಳೆಯಿರಿ

ಮೀನುಗಳನ್ನೆಲ್ಲ ಹಿಡಿದು ಒಂದು ಬಕೆಟ್‌ಗೆ ಹಾಕುವುದು, ತೊಟ್ಟಿಯ ನೀರನ್ನು ಪೂರ್ತಿ ಚೆಲ್ಲುವುದು, ಕಲ್ಲನ್ನು ಬಚ್ಚಲಿಗೆ ಸುರಿದು ಅಕ್ಕಿ ತೊಳೆದ ಹಾಗೆ ಏಳೆಂಟು ನೀರಿನಲ್ಲಿ ಉಜ್ಜುವುದು, ಮತ್ತೆ ಎಲ್ಲವನ್ನೂ ತುಂಬಿಸಿ ನಲ್ಲಿ ನೀರು ಬಿಡುವುದು. ನಮ್ಮಲ್ಲಿ ಬಹಳಷ್ಟು ಮನೆಗಳಲ್ಲಿ ತಿಂಗಳಿಗೊಂದು ಭಾನುವಾರ ನಡೆಯುವ ಕೆಲಸ ಇದು. ಸಂಜೆಗೆ ತೊಟ್ಟಿ ಕನ್ನಡಿಯಂತೆ ಹೊಳೆಯುತ್ತದೆ. ಬುಧವಾರ, ಗುರುವಾರದ ಹೊತ್ತಿಗೆ ನೀರು ಹಾಲು ಬೆರೆಸಿದಂತೆ ಮಬ್ಬಾಗುತ್ತದೆ, ಗೋಲ್ಡ್‌ಫಿಶ್ ಮೇಲಕ್ಕೆ ಬಂದು ಬಾಯಿ ಬಾಯಿ ಬಿಡುತ್ತದೆ, ಒಂದೆರಡು ಮೀನು ಸಾಯುತ್ತವೆ. ಅಂಗಡಿಯವನು ರೋಗದ ಮೀನು ಕೊಟ್ಟ ಎಂದು ಅವನನ್ನು ಬೈಯುವುದೂ ಆಗುತ್ತದೆ. ಹೆಚ್ಚಿನ ಸಲ ಆ ಮೀನಿಗೆ ರೋಗವೇ ಇರುವುದಿಲ್ಲ. ಕಲ್ಲು ತೊಳೆದದ್ದೇ ಅದಕ್ಕೆ ಮುಳುವಾಗಿರುತ್ತದೆ.

ಕೊಳೆ ಬೇರೆ, ಪೊರೆ ಬೇರೆ

ತೊಟ್ಟಿಯ ಕಲ್ಲನ್ನು ಬೆರಳಲ್ಲಿ ಮುಟ್ಟಿ ನೋಡಿ. ತುಸು ಜಾರುವಂಥ ತೆಳು ಪೊರೆ ಸಿಗುತ್ತದೆ. ಅದು ಕೊಳೆಯಲ್ಲ, ಬ್ಯಾಕ್ಟೀರಿಯಾಗಳ ಮನೆ. ಮೀನಿನ ಕಿವಿರುಗಳಿಂದ ಹಗಲಿರುಳು ಅಮೋನಿಯಾ ಹೊರಬರುತ್ತಿರುತ್ತದೆ. ತಿನ್ನದೆ ಉಳಿದ ಆಹಾರ, ಹಿಕ್ಕೆ, ಉದುರಿದ ಎಲೆ ಕೊಳೆತಾಗಲೂ ಅದೇ ಹುಟ್ಟುತ್ತದೆ. ಪೊರೆಯಲ್ಲಿರುವ ಒಂದು ಗುಂಪಿನ ಬ್ಯಾಕ್ಟೀರಿಯಾ ಈ ಅಮೋನಿಯಾವನ್ನು ನೈಟ್ರೈಟ್ ಆಗಿ ಬದಲಿಸುತ್ತದೆ, ಇನ್ನೊಂದು ಗುಂಪು ನೈಟ್ರೈಟನ್ನು ನೈಟ್ರೇಟ್ ಮಾಡುತ್ತದೆ. ಮೊದಲೆರಡೂ ಮೀನಿಗೆ ವಿಷ. ಮೂರನೆಯದು ಮಿತಿಯಲ್ಲಿದ್ದರೆ ತೊಂದರೆಯಿಲ್ಲ, ನೀರು ಬದಲಿಸಿದಾಗ ಹೊರಹೋಗುತ್ತದೆ. ಹೊಸ ತೊಟ್ಟಿಯಲ್ಲಿ ಈ ಪೊರೆ ಸರಿಯಾಗಿ ಕೂರಲು 4ರಿಂದ 6 ವಾರ ಬೇಕು. ಕ್ಲೋರಿನ್ ಇರುವ ನಲ್ಲಿ ನೀರಿನಲ್ಲಿ ಉಜ್ಜಿದರೆ ಅಷ್ಟೂ ದಿನದ ಬೆಳೆ ಹತ್ತು ನಿಮಿಷದಲ್ಲಿ ಹಾಳು.

ಒಳ್ಳೆಯ ಫಿಲ್ಟರ್ ಇರುವ ತೊಟ್ಟಿಯಾದರೆ ಸ್ಪಂಜಿನಲ್ಲೂ ಈ ಬ್ಯಾಕ್ಟೀರಿಯಾ ಇರುವುದರಿಂದ ಪೆಟ್ಟು ಅಷ್ಟು ಜೋರಾಗಿ ಬೀಳದು. ಆದರೆ ಬರೀ ಗಾಳಿ ಪಂಪು, ಗುಳ್ಳೆ ಬಿಡುವ ಗೊಂಬೆ ಇಟ್ಟುಕೊಂಡ ತೊಟ್ಟಿಗಳಲ್ಲಿ ಕಲ್ಲೇ ಫಿಲ್ಟರು. ಕಲ್ಲು ತೊಳೆದು ಮೀನು ಕಳೆದುಕೊಳ್ಳುವವರು ಹೆಚ್ಚಾಗಿ ಇಂಥ ತೊಟ್ಟಿಯವರೇ.

ಹಾಗಾದರೆ ತೆಗೆಯಬೇಕಾದದ್ದು ಏನು? ಕಲ್ಲಿನ ಸಂದುಗಳಲ್ಲಿ ಕೂತ ಕಂದು ಬಣ್ಣದ ಗಸಿ. ಅದು ಹಗುರ, ಅಲುಗಿಸಿದರೆ ಮೇಲೇಳುತ್ತದೆ. ಕಲ್ಲು ಭಾರ, ಎತ್ತಿದರೂ ಕೆಳಗೆ ಬೀಳುತ್ತದೆ. ತೊಟ್ಟಿಯ ನೀರನ್ನು ಕೆಳಗಿಟ್ಟ ಬಕೆಟ್‌ಗೆ ತಾನಾಗಿ ಎಳೆಯುವ ಸೈಫನ್ ಪೈಪಿನ ಕೆಲಸವೆಲ್ಲ ನಿಂತಿರುವುದು ಈ ವ್ಯತ್ಯಾಸದ ಮೇಲೆ. ಕಲ್ಲು ತೊಟ್ಟಿಯಲ್ಲೇ ಇರುತ್ತದೆ, ಮೀನೂ ತೊಟ್ಟಿಯಲ್ಲೇ ಇರುತ್ತದೆ, ಗಸಿ ಮಾತ್ರ ಬಕೆಟ್ ಸೇರುತ್ತದೆ. ಮೀನು ಹಿಡಿಯಲೇಬೇಡಿ. ಬಲೆಯಲ್ಲಿ ಅಟ್ಟಾಡಿಸಿದಾಗ ಅದಕ್ಕೆ ಆಗುವ ಗಾಬರಿ, ಮೈಯಿಂದ ಕೀಳುವ ಲೋಳೆ ಪೊರೆ, ಉದುರುವ ಹುರುಪೆ ಪೈಪಿನಿಂದ ಆಗುವುದಿಲ್ಲ.

ಬೇಕಾದ ಸಾಮಾನು

ಇಲ್ಲಿ ಕೊಡುವ ಲೆಕ್ಕವೆಲ್ಲ ಎರಡು ಅಡಿ ಉದ್ದ, ಒಂದಡಿ ಅಗಲ, ಒಂದಡಿ ಎತ್ತರದ ತೊಟ್ಟಿಗೆ. ಮನೆಗಳಲ್ಲಿ ಹೆಚ್ಚಾಗಿ ಇರುವುದು ಅದೇ. ಅಳತೆಯ ಪ್ರಕಾರ ಅದರಲ್ಲಿ ಸುಮಾರು 55 ಲೀಟರ್ ಹಿಡಿಯಬೇಕು. ಎರಡು ಇಂಚು ಕಲ್ಲು ಹಾಕಿ ಮೇಲೆ ಒಂದಿಂಚು ಖಾಲಿ ಬಿಟ್ಟರೆ ನಿಜವಾಗಿ ಇರುವ ನೀರು 45 ಲೀಟರ್ ಆಸುಪಾಸು. ಔಷಧಿ ಹಾಕುವಾಗಲೂ ಈ 45ನ್ನೇ ಲೆಕ್ಕಕ್ಕೆ ಹಿಡಿಯಬೇಕು, 55ನ್ನಲ್ಲ.

ಅಂಗಡಿಯಲ್ಲಿ ಸಿಗುವ ಸೈಫನ್‌ಗೆ ಒಂದು ತುದಿಯಲ್ಲಿ ಅಗಲವಾದ ಪ್ಲಾಸ್ಟಿಕ್ ಕೊಳವೆ, ಅದಕ್ಕೆ ಸೇರಿಸಿದ ಸಣ್ಣ ಪೈಪು, ನಡುವೆ ಹಿಸುಕಲು ಒಂದು ರಬ್ಬರ್ ಉಂಡೆ ಇರುತ್ತದೆ. ಕೊಳವೆ ಒಂದೂವರೆಯಿಂದ ಎರಡು ಇಂಚು ಅಗಲ ಇರಲೇಬೇಕು. ಕೊಳವೆ ಅಗಲವಾದಷ್ಟೂ ಅದರೊಳಗೆ ನೀರು ಮೇಲೇರುವ ವೇಗ ಕಡಿಮೆ. ಆ ನಿಧಾನದ ಸೆಳೆತಕ್ಕೆ ಗಸಿ ಏರುತ್ತದೆ, ಕಲ್ಲು ಏರದೆ ಕುಣಿದು ಕೆಳಗೆ ಬೀಳುತ್ತದೆ. ಗಾಳಿ ಪಂಪಿಗೆ ಹಾಕುವ ತೆಳು ಪೈಪಿನಿಂದ ಕಲ್ಲು ಸ್ವಚ್ಛ ಮಾಡಲು ಹೋಗಬೇಡಿ. ಮೇಲೆ ಕೂತ ಹಿಕ್ಕೆ ಎತ್ತಲು, ಮರಿಗಳ ತೊಟ್ಟಿಗೆ ಅದು ಸರಿ, ಸಂದಿನ ಗಸಿ ಅದಕ್ಕೆ ಬರುವುದಿಲ್ಲ.

ಮನೆಯಲ್ಲೇ ಮಾಡಿಕೊಳ್ಳುವುದಾದರೆ ಅರ್ಧ ಲೀಟರ್‌ನ ನೀರಿನ ಬಾಟಲಿಯ ತಳ ಕತ್ತರಿಸಿ. ಮುಚ್ಚಳದ ನಡುವೆ ಪೈಪಿನ ಹೊರ ಅಳತೆಗಿಂತ ಕೂದಲೆಳೆಯಷ್ಟು ಚಿಕ್ಕ ತೂತು ಮಾಡಿ. ಕಾಯಿಸಿದ ಮೊಳೆಯಿಂದ ಶುರುಮಾಡಿ ಚಾಕುವಿನ ತುದಿಯಿಂದ ದೊಡ್ಡದು ಮಾಡಬಹುದು. ಗಾರೆ ಕೆಲಸದವರು ಮಟ್ಟ ನೋಡಲು ಬಳಸುವ ಪಾರದರ್ಶಕ ಲೆವೆಲ್ ಪೈಪು ಹಾರ್ಡ್‌ವೇರ್ ಅಂಗಡಿಯಲ್ಲಿ ಮೀಟರ್ ಲೆಕ್ಕದಲ್ಲಿ ಸಿಗುತ್ತದೆ. 10 ಅಥವಾ 12 ಮಿ.ಮೀ. ಒಳ ಅಳತೆಯದು ಎರಡು ಮೀಟರ್ ಸಾಕು. ಪೈಪನ್ನು ತೂತಿಗೆ ಒತ್ತಿ ಕೂರಿಸಿ. ಗಾಳಿ ಎಳೆದುಕೊಂಡರೆ ಸೈಫನ್ ಕಡಿದುಹೋಗುತ್ತದೆ, ಹಾಗಾಗಿ ಸಡಿಲವಾಗಿದ್ದರೆ ಹಳೆ ಸೈಕಲ್ ಟ್ಯೂಬಿನ ಒಂದು ಪಟ್ಟಿಯನ್ನು ಬಿಗಿಯಾಗಿ ಸುತ್ತಿ. ಕತ್ತರಿಸಿದ ಅಂಚು ಚೂಪಾಗಿದ್ದರೆ ಉಪ್ಪುಕಾಗದದಲ್ಲಿ ಉಜ್ಜಿಬಿಡಿ. ಪಾರದರ್ಶಕ ಪೈಪೇ ಬೇಕು ಎನ್ನುವುದು ಯಾಕೆಂದರೆ ಒಳಗೆ ಹರಿಯುವ ನೀರಿನ ಬಣ್ಣ ನೋಡಿಯೇ ಮುಂದಿನ ಜಾಗಕ್ಕೆ ಸರಿಯಬೇಕು.

ಇನ್ನು 15ರಿಂದ 20 ಲೀಟರ್‌ನ ಎರಡು ಬಕೆಟ್, ಒಂದು ಮಗ್, ಒಂದು ಊಟದ ತಟ್ಟೆ, ಎರಡು ಬಟ್ಟೆ ಕ್ಲಿಪ್, ನೆಲಕ್ಕೆ ಹಳೆ ಟವೆಲ್. ಬಕೆಟ್ ಮೀನಿಗೆಂದೇ ಬೇರೆ ಇರಲಿ. ಫಿನಾಯಿಲ್, ಸೋಪಿನ ಪುಡಿ ಒಮ್ಮೆ ಕಂಡ ಬಕೆಟ್ ಎಷ್ಟು ತೊಳೆದರೂ ನಂಬಿಕೆಗೆ ತಕ್ಕದ್ದಲ್ಲ.

ಹಿಂದಿನ ದಿನವೇ ನೀರು

ಹೊಸ ನೀರನ್ನು ಹಿಂದಿನ ದಿನವೇ ಹಿಡಿದಿಡಿ. ಪಾಲಿಕೆಯ ನೀರಿನಲ್ಲಿ ಕ್ಲೋರಿನ್ ಇರುತ್ತದೆ. ಕುಡಿಯುವ ನೀರಿನ ಭಾರತೀಯ ಮಾನದಂಡವೇ ಲೀಟರ್‌ಗೆ ಕನಿಷ್ಠ 0.2 ಮಿ.ಗ್ರಾಂ ಉಳಿದಿರಬೇಕು ಎನ್ನುತ್ತದೆ. ಬಾಯಿ ತೆರೆದ ಬಕೆಟ್‌ನಲ್ಲಿ 24 ಗಂಟೆ ಇಟ್ಟರೆ ಅದು ಬಹುಪಾಲು ಹಾರಿಹೋಗುತ್ತದೆ, ಗಾಳಿ ಪಂಪಿನ ಗುಳ್ಳೆ ಕಲ್ಲೊಂದನ್ನು ಅದರೊಳಗೆ ಇಳಿಬಿಟ್ಟರೆ ಇನ್ನೂ ಬೇಗ. ಅವಸರವಿದ್ದರೆ ಮೀನಿನ ಅಂಗಡಿಯಲ್ಲಿ ‘ಆಂಟಿ ಕ್ಲೋರಿನ್’ ಎಂದು ಕೊಡುವ ದ್ರಾವಣ ಬಳಸಿ, ಬಾಟಲಿಯ ಮೇಲಿನ ಅಳತೆಯಂತೆ. ಸೋಡಿಯಂ ಥಯೋಸಲ್ಫೇಟ್ ಹರಳನ್ನೇ ತಂದರೆ ಅಗ್ಗ: 10 ಗ್ರಾಂ ಹರಳನ್ನು 100 ಮಿ.ಲೀ. ನೀರಿನಲ್ಲಿ ಕರಗಿಸಿಟ್ಟುಕೊಂಡು 10 ಲೀಟರ್‌ಗೆ 1 ಮಿ.ಲೀ. ಹಾಕಿದರೆ ಸಾಮಾನ್ಯ ನಲ್ಲಿ ನೀರಿಗೆ ಸಾಕಾಗಿ ಮಿಗುತ್ತದೆ. ಬ್ಲೀಚಿಂಗ್ ಪುಡಿಯ ವಾಸನೆ ಮೂಗಿಗೆ ಬಡಿಯುವ ಟ್ಯಾಂಕರ್ ನೀರಾದರೆ ಅದರ ದುಪ್ಪಟ್ಟು ಹಾಕಿ. ಸಂಪು ಆಗಷ್ಟೇ ತೊಳೆದಿದ್ದರೆ ಆ ವಾರ ನೀರು ಬದಲಿಸುವ ಕೆಲಸವನ್ನೇ ಮುಂದೂಡುವುದು ಜಾಣತನ.

ಬೋರ್ ನೀರಿನಲ್ಲಿ ಕ್ಲೋರಿನ್ ಇರುವುದಿಲ್ಲ. ಆದರೆ ನೆಲದಿಂದ ಆಗಷ್ಟೇ ಬಂದ ನೀರಿನಲ್ಲಿ ಆಮ್ಲಜನಕ ಕಡಿಮೆ, ಕರಗಿದ ಇಂಗಾಲದ ಡೈ ಆಕ್ಸೈಡ್ ಜಾಸ್ತಿ. ಅದನ್ನೂ ರಾತ್ರಿಯಿಡೀ ಗಾಳಿಗೆ ಬಿಡಿ. ಆರ್‌ಒ ನೀರನ್ನೇ ಪೂರ್ತಿ ಬಳಸಬೇಡಿ, ಅದರಲ್ಲಿ ಲವಣ ತೀರಾ ಕಡಿಮೆ.

ಬಿಸಿ–ತಂಪಿನ ವ್ಯತ್ಯಾಸ 2 ಡಿಗ್ರಿ ಸೆಲ್ಸಿಯಸ್ ದಾಟಬಾರದು. ಡಿಸೆಂಬರ್ ಬೆಳಗಿನ ಬೆಂಗಳೂರಿನ ಸಂಪಿನ ನೀರು, ಏಪ್ರಿಲ್ ಮಧ್ಯಾಹ್ನ ಕಲಬುರಗಿಯ ತಾರಸಿ ಮೇಲಿನ ಕಪ್ಪು ಟ್ಯಾಂಕಿನ ನೀರು, ಎರಡೂ ನೇರವಾಗಿ ತೊಟ್ಟಿಗೆ ಬೀಳುವಂಥವಲ್ಲ. ತೊಟ್ಟಿ ಇರುವ ಕೋಣೆಯಲ್ಲೇ ಬಕೆಟ್ ಇಟ್ಟರೆ ಬೆಳಗಾಗುವಷ್ಟರಲ್ಲಿ ಎರಡೂ ಸಮಕ್ಕೆ ಬಂದಿರುತ್ತವೆ.

ಗಸಿ ಎಳೆಯುವ ಕ್ರಮ

ಹೀಟರ್ ಇದ್ದರೆ 15 ನಿಮಿಷ ಮೊದಲೇ ಆರಿಸಿ. ಬಿಸಿಯಾದ ಗಾಜು ನೀರಿನಿಂದ ಹೊರಗೆ ಬಂದು ಮತ್ತೆ ತಣ್ಣೀರು ತಾಗಿದರೆ ಸೀಳುತ್ತದೆ. ಫಿಲ್ಟರ್, ಗಾಳಿ ಪಂಪು, ದೀಪ ಎಲ್ಲದರ ಪ್ಲಗ್ ಕಿತ್ತುಬಿಡಿ. ಸ್ವಿಚ್ ಆರಿಸಿದರೆ ಸಾಲದು, ಕೈ ನೀರಿನಲ್ಲಿರುತ್ತದೆ. ಗಾಜಿನ ಪಾಚಿ ಕೆರೆಯುವುದಿದ್ದರೆ ಈಗಲೇ ಕೆರೆಯಿರಿ, ಉದುರಿದ್ದು ಹೇಗೂ ಪೈಪಿಗೆ ಬರುತ್ತದೆ. ಗೊಂಬೆ, ಮಡಕೆ, ಬಂಡೆ ಏನಿದ್ದರೂ ಇವತ್ತು ಸ್ವಚ್ಛ ಮಾಡುವ ಅರ್ಧದಿಂದ ಮಾತ್ರ ಎತ್ತಿ. ಗಸಿಯ ದೊಡ್ಡ ಗಂಟು ಅವುಗಳ ಅಡಿಯಲ್ಲೇ ಇರುವುದು.

ಬಾಯಿಂದ ಎಳೆದು ಸೈಫನ್ ಶುರು ಮಾಡಬೇಡಿ. ರುಚಿಯ ಮಾತಲ್ಲ ಇದು, ಆ ನೀರು ಹೊಟ್ಟೆಗೆ ಹೋಗಬಾರದು. ಅಗಲ ಕೊಳವೆಯನ್ನೂ ಪೈಪನ್ನೂ ಪೂರ್ತಿ ನೀರಿನಲ್ಲಿ ಮುಳುಗಿಸಿ ಗಾಳಿ ಹೊರಬಿಟ್ಟು, ಪೈಪಿನ ತುದಿಯನ್ನು ಹೆಬ್ಬೆರಳಲ್ಲಿ ಮುಚ್ಚಿ, ತೊಟ್ಟಿಯಿಂದ ಹೊರತೆಗೆದು ಬಕೆಟ್‌ನೊಳಗೆ ಇಳಿಸಿ ಬೆರಳು ತೆಗೆಯಿರಿ. ನೀರು ಹರಿಯುತ್ತದೆ. ಕೈಗೆ ಗಾಯವಿದ್ದರೆ ಗ್ಲೌಸ್ ಹಾಕಿಕೊಳ್ಳಿ: ಮೀನಿನ ತೊಟ್ಟಿಯಲ್ಲಿರುವ ಮೈಕೋಬ್ಯಾಕ್ಟೀರಿಯಂ ಮರೈನಂ ಎಂಬ ಬ್ಯಾಕ್ಟೀರಿಯಾ ಗಾಯದ ಮೂಲಕ ಚರ್ಮಕ್ಕೆ ಇಳಿದರೆ ವಾರಗಟ್ಟಲೆ ಮಾಯದ ಗಂಟು ಏಳುತ್ತದೆ. ಅಂಥ ಗಂಟು ಕಂಡರೆ ಚರ್ಮದ ವೈದ್ಯರಿಗೆ ಮನೆಯಲ್ಲಿ ಮೀನು ಸಾಕಿರುವುದನ್ನು ಮರೆಯದೆ ಹೇಳಿ.

ಪೈಪಿನ ತುದಿಯನ್ನು ಬಟ್ಟೆ ಕ್ಲಿಪ್ಪಿನಿಂದ ಬಕೆಟ್ ಅಂಚಿಗೆ ಸಿಕ್ಕಿಸಿ. ಇಲ್ಲದಿದ್ದರೆ ಅದು ಹಾವಿನಂತೆ ಜಾರಿ ನೆಲಕ್ಕೆ ಬೀಳುತ್ತದೆ. ಬಚ್ಚಲಿಗೇ ನೇರ ಬಿಡುವುದು ಸುಲಭವೆನಿಸಬಹುದು, ಆದರೆ ಎಷ್ಟು ನೀರು ಹೋಯಿತೆಂದು ತಿಳಿಯುವುದಿಲ್ಲ, ಪೈಪಿನೊಳಗೆ ನುಗ್ಗಿದ ಗಪ್ಪಿ ಮರಿಯೂ ಸಿಗುವುದಿಲ್ಲ.

ಈಗ ಕೊಳವೆಯನ್ನು ನೆಟ್ಟಗೆ ಹಿಡಿದು ಕಲ್ಲಿನೊಳಗೆ ತಳದ ಗಾಜು ತಾಗುವವರೆಗೆ ಚುಚ್ಚಿ. ಕಲ್ಲು ಕೊಳವೆಯೊಳಗೆ ಎದ್ದು ಕುದಿಯುವ ಅನ್ನದಂತೆ ಉರುಳಾಡುತ್ತದೆ, ಕಂದು ನೀರು ಪೈಪಿನಲ್ಲಿ ಓಡುತ್ತದೆ. ಐದರಿಂದ ಹತ್ತು ಸೆಕೆಂಡಿನಲ್ಲಿ ನೀರಿನ ಬಣ್ಣ ತಿಳಿಯಾಗುತ್ತದೆ. ಆಗ ಪೈಪನ್ನು ಮಡಚಿ ಹಿಡಿದು ಹರಿವು ನಿಲ್ಲಿಸಿ, ಕಲ್ಲು ಕೆಳಗೆ ಬೀಳಲಿ, ಕೊಳವೆ ಎತ್ತಿ ಪಕ್ಕದ ಜಾಗಕ್ಕೆ ಚುಚ್ಚಿ, ಮಡಿಕೆ ಬಿಡಿ. ಕೊಳವೆಯನ್ನು ಕಲ್ಲಿನೊಳಗೆ ಅಡ್ಡಡ್ಡ ಎಳೆದಾಡಬಾರದು. ಹಾಗೆ ಮಾಡಿದರೆ ಅರ್ಧ ಗಸಿ ಪೈಪಿಗೆ ಬರುವ ಬದಲು ತೊಟ್ಟಿಯ ನೀರಿಗೆ ಏಳುತ್ತದೆ.

ಕಲ್ಲು ಕೊಳವೆಯ ಮುಕ್ಕಾಲು ಎತ್ತರ ದಾಟಿ ಸಣ್ಣ ಪೈಪಿನತ್ತ ಹೋಗುತ್ತಿದ್ದರೆ ಸೆಳೆತ ಹೆಚ್ಚಾಗಿದೆ. ಬಕೆಟ್ ಕಡೆಯ ತುದಿಯನ್ನು ಮೇಲೆತ್ತಿ, ಇಲ್ಲವೇ ಬಕೆಟನ್ನು ಒಂದು ಸ್ಟೂಲಿನ ಮೇಲಿಡಿ. ತೊಟ್ಟಿಯ ನೀರಿನ ಮಟ್ಟಕ್ಕೂ ಪೈಪಿನ ತುದಿಗೂ ಇರುವ ಎತ್ತರದ ಅಂತರ ಕಡಿಮೆಯಾದಷ್ಟೂ ಹರಿವು ತಗ್ಗುತ್ತದೆ. ಕಲ್ಲು ಏಳುತ್ತಲೇ ಇಲ್ಲವೆಂದರೆ ತದ್ವಿರುದ್ಧ ಮಾಡಿ. ಕಲ್ಲು ಬಾಟಲಿಯ ಕುತ್ತಿಗೆಯಲ್ಲಿ ಸಿಕ್ಕಿಕೊಂಡರೆ ಪೈಪನ್ನು ಮಡಚಿ ಎರಡು ಸಲ ಅಲ್ಲಾಡಿಸಿದರೆ ಬಿಡುತ್ತದೆ. 3ರಿಂದ 5 ಮಿ.ಮೀ. ಕಲ್ಲಿಗೆ ಈ ವಿಧಾನ ಹೇಳಿ ಮಾಡಿಸಿದ ಹಾಗಿದೆ. ಗೋಲಿ ಗಾತ್ರದ ಉರುಟು ಕಲ್ಲು ಹಾಕಿದ್ದರೆ ಅದು ಏಳುವುದೇ ಇಲ್ಲ, ಸಂದಿಯಲ್ಲಿ ತಿಂಡಿ ಮಾತ್ರ ಆಳಕ್ಕೆ ಇಳಿಯುತ್ತದೆ. ನೋಡಲು ಚೆಂದ, ಸಾಕಲು ತಲೆನೋವು.

12 ಮಿ.ಮೀ. ಪೈಪಿನಲ್ಲಿ 15 ಲೀಟರ್ ಹೋಗಲು ಎರಡು ಮೂರು ನಿಮಿಷ ಸಾಕು. ಅಷ್ಟರಲ್ಲಿ ಎರಡಡಿ ತೊಟ್ಟಿಯ ಅರ್ಧ ತಳ ಮುಗಿಯುತ್ತದೆ, ಅಷ್ಟೇ. ಅಷ್ಟೇ ಆಗಬೇಕಾದದ್ದೂ ಕೂಡ. ಈ ಸಲ ಎಡಭಾಗ, ಮುಂದಿನ ಸಲ ಬಲಭಾಗ. ಮುಟ್ಟದ ಅರ್ಧದಲ್ಲಿ ಬ್ಯಾಕ್ಟೀರಿಯಾ ಅಲುಗಾಡದೆ ಇರುತ್ತವೆ. ಗಸಿ ಇನ್ನೂ ಬರುತ್ತಿದೆ, ಇನ್ನೊಂದು ಬಕೆಟ್ ಎಳೆಯೋಣ ಎಂಬ ಆಸೆ ಹುಟ್ಟುತ್ತದೆ. ಬೇಡ. ಮೂರನೇ ಒಂದು ಭಾಗ ನೀರು ಹೋದ ಕೂಡಲೇ ನಿಲ್ಲಿಸಿ.

ಚೆಲ್ಲುವ ಮುನ್ನ ಬಕೆಟನ್ನು ಐದು ನಿಮಿಷ ಬೆಳಕಿನಲ್ಲಿಟ್ಟು ನೋಡಿ, ಮರಿ, ಸೀಗಡಿ ಇದ್ದರೆ ಮಗ್‌ನಲ್ಲಿ ಎತ್ತಿ. ಅದೇ ಕೊಳಕು ನೀರಿನಲ್ಲಿ ಫಿಲ್ಟರಿನ ಸ್ಪಂಜನ್ನೂ ಹಿಂಡಿಬಿಡುವ ಎಂದುಕೊಳ್ಳಬೇಡಿ; ಕಲ್ಲು ಮುಟ್ಟಿದ ದಿನ ಸ್ಪಂಜು ಮುಟ್ಟಬಾರದು, ಎರಡರ ನಡುವೆ ಒಂದು ವಾರವಾದರೂ ಇರಲಿ. ಆ ನೀರು ತುಳಸಿ, ಗುಲಾಬಿ, ಕರಿಬೇವಿನ ಬುಡಕ್ಕೆ ಒಳ್ಳೆಯ ಗೊಬ್ಬರ. ತೊಟ್ಟಿಗೆ ಉಪ್ಪು ಅಥವಾ ಔಷಧಿ ಹಾಕಿದ್ದರೆ ಮಾತ್ರ ಗಿಡಕ್ಕೆ ಬೇಡ.

ನೀರು ತುಂಬಿಸುವುದು

ಕಲ್ಲಿನ ಮೇಲೆ ತಟ್ಟೆ ಇಟ್ಟು ಮಗ್‌ನಿಂದ ತಟ್ಟೆಯ ಮೇಲೆಯೇ ಸುರಿಯಿರಿ. ಬಕೆಟ್ ಎತ್ತಿ ಒಮ್ಮೆಲೇ ಹೊಯ್ದರೆ ಕಲ್ಲು ಗುಳಿ ಬೀಳುತ್ತದೆ, ಮುಟ್ಟದ ಅರ್ಧದ ಗಸಿಯೂ ಏಳುತ್ತದೆ. ಹತ್ತು ಹದಿನೈದು ನಿಮಿಷ ತೆಗೆದುಕೊಳ್ಳಿ. ತುಂಬಿದ ಮೇಲೆ ಫಿಲ್ಟರ್ ಹಾಕಿ, ಹೀಟರ್ ಪೂರ್ತಿ ಮುಳುಗಿದ್ದು ನೋಡಿಕೊಂಡು ಅದನ್ನೂ ಹಾಕಿ. ಗೋಡೆಯ ಪ್ಲಗ್ಗಿಗೆ ಹೋಗುವ ವೈರು ಒಮ್ಮೆ ಕೆಳಗೆ ಜೋತು ಮತ್ತೆ ಮೇಲೇರುವಂತಿರಲಿ, ಆಗ ವೈರಿನ ಗುಂಟ ಹರಿದ ನೀರು ಪ್ಲಗ್ಗಿಗೆ ಮುಟ್ಟದೆ ಕೆಳಗೆ ತೊಟ್ಟಿಕ್ಕುತ್ತದೆ.

ಎದ್ದ ಧೂಳು ಎರಡು ಮೂರು ಗಂಟೆಯಲ್ಲಿ ಕೂರುತ್ತದೆ ಅಥವಾ ಫಿಲ್ಟರ್ ಸೇರುತ್ತದೆ. ಆ ದಿನ ತಿಂಡಿ ಅರ್ಧ ಕೊಡಿ. ಮಾರನೆಯ ದಿನವೋ ಅದರ ಮರುದಿನವೋ ಬಿಳಿ ಮಬ್ಬು ಎದ್ದರೆ ಅದು ಧೂಳಲ್ಲ, ಸಮತೋಲ ತಪ್ಪಿ ನೀರಿನಲ್ಲೇ ಬೆಳೆದ ಬ್ಯಾಕ್ಟೀರಿಯಾ. ನೀರನ್ನೆಲ್ಲ ಚೆಲ್ಲಬೇಡಿ. ಎರಡು ದಿನ ತಿಂಡಿ ನಿಲ್ಲಿಸಿ, ಗಾಳಿ ಜಾಸ್ತಿ ಬಿಡಿ, ಕೈಯಲ್ಲಿ ಟೆಸ್ಟ್ ಕಿಟ್ ಇದ್ದರೆ ಅಮೋನಿಯಾ ನೋಡಿ. ಅಮೋನಿಯಾ, ನೈಟ್ರೈಟ್ ಎರಡೂ ಸೊನ್ನೆ ಇರಬೇಕು. ನೈಟ್ರೇಟ್ 40 ಪಿಪಿಎಂ (ಲೀಟರ್‌ಗೆ 40 ಮಿ.ಗ್ರಾಂ) ಒಳಗಿದ್ದರೆ ಸರಿ. ಅಮೋನಿಯಾ ಕಂಡರೆ ದಿನಕ್ಕೊಮ್ಮೆ ಕಾಲುಭಾಗ ನೀರು ಬದಲಿಸಿ, ಕಲ್ಲು ಕೆದಕದೆ. ನೈಟ್ರೈಟ್ ಏರಿ ಮೀನಿನ ಕಿವಿರು ಕಂದು ಬಣ್ಣಕ್ಕೆ ತಿರುಗಿದ್ದರೆ 10 ಲೀಟರ್‌ಗೆ 1 ಗ್ರಾಂ ಕಲ್ಲುಪ್ಪನ್ನು ಕರಗಿಸಿ ಹಾಕಿ, ನಮ್ಮ 45 ಲೀಟರ್ ತೊಟ್ಟಿಗೆ ಸಣ್ಣದೊಂದು ಟೀ ಚಮಚ. ಉಪ್ಪಿನ ಕ್ಲೋರೈಡ್ ಕಿವಿರಿನಲ್ಲಿ ನೈಟ್ರೈಟ್ ಒಳಹೋಗದಂತೆ ಅಡ್ಡ ನಿಲ್ಲುತ್ತದೆ.

ಎಷ್ಟು ದಿನಕ್ಕೊಮ್ಮೆ ಎಂಬುದಕ್ಕೆ ಕ್ಯಾಲೆಂಡರ್‌ಗಿಂತ ಮೀನು ನೋಡಿ ಉತ್ತರ ಹೇಳಬೇಕು. ಗೋಲ್ಡ್‌ಫಿಶ್ ತಿನ್ನುವುದೂ ಹೆಚ್ಚು, ಹಾಕುವುದೂ ಹೆಚ್ಚು, ಅದಕ್ಕೆ ವಾರಕ್ಕೊಮ್ಮೆ. ಹತ್ತು ಹನ್ನೆರಡು ಗಪ್ಪಿ, ಟೆಟ್ರಾ ಇದ್ದರೆ ಎರಡು ವಾರಕ್ಕೊಮ್ಮೆ ಸಾಕು. ಪೈಪು ಚುಚ್ಚಿದಾಗ ಮೊದಲ ಕ್ಷಣದ ನೀರು ಚಹಾದ ಬಣ್ಣಕ್ಕಿದ್ದರೆ ನಿಮ್ಮ ಕ್ರಮ ಸರಿ, ಕಾಫಿ ಡಿಕಾಕ್ಷನ್ ಬಣ್ಣಕ್ಕಿದ್ದರೆ ತಿಂಡಿ ಹೆಚ್ಚಾಗಿದೆ. ಎರಡು ನಿಮಿಷದಲ್ಲಿ ತಿಂದು ಮುಗಿಸುವಷ್ಟೇ ಹಾಕಿ.

ತಿಂಗಳುಗಟ್ಟಲೆ ಮುಟ್ಟದ ತೊಟ್ಟಿ

ಇದು ಬೇರೆಯದೇ ಸಂಗತಿ, ಎಲ್ಲಕ್ಕಿಂತ ಹೆಚ್ಚು ಎಚ್ಚರ ಬೇಡುವುದು. ಆರು ತಿಂಗಳಿಂದ ಆವಿಯಾದಷ್ಟು ನೀರನ್ನು ಮೇಲೆ ಸುರಿದದ್ದು ಬಿಟ್ಟರೆ ಯಾರೂ ಕೈ ಹಾಕಿಲ್ಲ, ಮೀನು ಆರಾಮಾಗಿವೆ. ಈಗ ಒಂದೇ ದಿನ ಅರ್ಧ ನೀರು ತೆಗೆದು ಕಲ್ಲೆಲ್ಲ ಎಳೆದರೆ ಸಂಜೆಯೊಳಗೆ ಮೀನು ಸತ್ತಿರಬಹುದು. ‘ಇಷ್ಟು ದಿನ ಕೊಳಕಲ್ಲೇ ಚೆನ್ನಾಗಿತ್ತು, ಸ್ವಚ್ಛ ಮಾಡಿದ್ದಕ್ಕೇ ಸತ್ತಿತು’ ಎನ್ನುತ್ತಾರೆ. ಆ ಮಾತು ಒಂದು ಲೆಕ್ಕದಲ್ಲಿ ನಿಜ.

ಅಮೋನಿಯಾ ನೈಟ್ರೇಟ್ ಆಗುವಾಗ ಆಮ್ಲ ಹುಟ್ಟುತ್ತದೆ. ನೀರು ಬದಲಿಸದಿದ್ದರೆ ಆ ಆಮ್ಲ ನೀರಿನಲ್ಲಿದ್ದ ಕಾರ್ಬೊನೇಟನ್ನು ತಿಂದು ಮುಗಿಸಿ ಪಿಎಚ್ (ನೀರಿನ ಆಮ್ಲ–ಕ್ಷಾರದ ಅಳತೆ, ಇಳಿದಷ್ಟೂ ಆಮ್ಲ ಹೆಚ್ಚು) ಇಳಿಸುತ್ತ ಹೋಗುತ್ತದೆ. ಪಿಎಚ್ ತೀರಾ ಇಳಿದಾಗ ಬ್ಯಾಕ್ಟೀರಿಯಾಗಳ ಕೆಲಸ ಕುಂಟುತ್ತದೆ, ಅಮೋನಿಯಾ ಶೇಖರವಾಗುತ್ತದೆ. ಆದರೂ ಮೀನು ಬದುಕಿರುತ್ತದೆ, ಏಕೆಂದರೆ ಆಮ್ಲದ ನೀರಿನಲ್ಲಿ ಅದು ಅಷ್ಟಾಗಿ ಕಾಡದ ಅಮೋನಿಯಂ ರೂಪದಲ್ಲಿರುತ್ತದೆ. 25 ಡಿಗ್ರಿಯಲ್ಲಿ, ಪಿಎಚ್ 7ರಲ್ಲಿ ಒಟ್ಟು ಅಮೋನಿಯಾದಲ್ಲಿ ನಿಜವಾದ ವಿಷದ ರೂಪದಲ್ಲಿರುವುದು ಶೇ. 1ಕ್ಕಿಂತ ಕಡಿಮೆ, ಪಿಎಚ್ 8ಕ್ಕೆ ಏರಿದರೆ ಶೇ. 5ರಷ್ಟು. ಅಂಥ ತೊಟ್ಟಿಗೆ ಪಿಎಚ್ 8ರ ಗಡಸು ಬೋರ್ ನೀರನ್ನು ಅರ್ಧ ತುಂಬಿದರೆ ಇದ್ದ ಅಮೋನಿಯಾವೇ ಒಮ್ಮೆಲೇ ಹಲವು ಪಟ್ಟು ವಿಷವಾಗುತ್ತದೆ. ಇತ್ತ ಕಲ್ಲಿನೊಳಗಿನ ಗಸಿಯೂ ಎದ್ದು ಅದಕ್ಕೆ ಇನ್ನಷ್ಟು ಸೇರಿಸುತ್ತದೆ.

ಆದ್ದರಿಂದ ಮೊದಲ ವಾರ ಕಲ್ಲು ಮುಟ್ಟಬೇಡಿ. ಎರಡು ದಿನಕ್ಕೊಮ್ಮೆ ಹತ್ತನೇ ಒಂದು ಭಾಗ, ಅಂದರೆ 4ರಿಂದ 5 ಲೀಟರ್ ಮಾತ್ರ ಮೇಲಿನಿಂದ ತೆಗೆದು ಅಷ್ಟೇ ಹೊಸ ನೀರನ್ನು ನಿಧಾನವಾಗಿ ಹಾಕಿ. ಎರಡನೇ ವಾರದಿಂದ ಪ್ರತಿ ಸಲ ತಳದ ಆರನೇ ಒಂದು ಭಾಗವನ್ನಷ್ಟೇ ಎಳೆಯಿರಿ. ಒಂದೂವರೆ ತಿಂಗಳಲ್ಲಿ ತೊಟ್ಟಿ ದಾರಿಗೆ ಬರುತ್ತದೆ.

ಕಪ್ಪು ಮಚ್ಚೆ, ಮರಳು, ಗಿಡ, ತಟ್ಟೆ ಫಿಲ್ಟರ್

ಪಕ್ಕದ ಗಾಜಿನಿಂದ ನೋಡಿದಾಗ ಕಲ್ಲಿನ ತಳದಲ್ಲಿ ಕಪ್ಪು ಮಚ್ಚೆ, ಕೆದಕಿದರೆ ಕೊಳೆತ ಮೊಟ್ಟೆಯ ವಾಸನೆ: ಅಲ್ಲಿ ಆಮ್ಲಜನಕ ಹೋಗದೆ ಹೈಡ್ರೋಜನ್ ಸಲ್ಫೈಡ್ ಎಂಬ ವಿಷಾನಿಲ ಕಟ್ಟಿಕೊಂಡಿದೆ. ಕಲ್ಲು ಎರಡೂವರೆ ಮೂರು ಇಂಚು ದಾಟಿದರೆ, ಅಥವಾ ದೊಡ್ಡ ಬಂಡೆ ಒಂದೇ ಕಡೆ ವರ್ಷಗಟ್ಟಲೆ ಕೂತಿದ್ದರೆ ಹೀಗಾಗುತ್ತದೆ. ಕೈಯಿಂದ ಕಲಕಬೇಡಿ, ಕೊಳವೆಯನ್ನು ನೇರ ಅಲ್ಲಿಗೇ ಚುಚ್ಚಿ ಬಕೆಟ್‌ಗೆ ಎಳೆಯಿರಿ, ಒಂದು ಸಲಕ್ಕೆ ಅಂಗೈಯಷ್ಟು ಜಾಗ. ಗಾಳಿ ಪಂಪು ಆ ಹೊತ್ತಿನಲ್ಲಿ ಓಡುತ್ತಿರಲಿ. ಪ್ಲಗ್ ಕಿತ್ತುವ ನಿಯಮಕ್ಕೆ ಇದೊಂದೇ ವಿನಾಯಿತಿ, ಪಂಪು ತೊಟ್ಟಿಯಿಂದ ದೂರ, ನೀರಿನ ಮಟ್ಟಕ್ಕಿಂತ ಮೇಲಿದ್ದರೆ ಮಾತ್ರ.

ಮರಳಾದರೆ ಚುಚ್ಚಬಾರದು, ಕೊಳವೆಯೇ ಮರಳನ್ನು ನುಂಗುತ್ತದೆ. ಗಸಿ ಮರಳಿನ ಮೇಲೆಯೇ ಕೂರುವುದರಿಂದ ಒಂದೆರಡು ಸೆಂ.ಮೀ. ಎತ್ತರದಲ್ಲಿ ಕೊಳವೆಯನ್ನು ಸುತ್ತಿಸಿದರೆ ಬರುತ್ತದೆ. ಗಿಡ ನೆಟ್ಟಲ್ಲಿಯೂ ಹೀಗೆಯೇ: ಬುಡದ ಸುತ್ತ ಮೂರು ಇಂಚು ಬಿಟ್ಟುಬಿಡಿ, ಆ ಗಸಿ ಬೇರಿಗೆ ಊಟ.

ಕಲ್ಲಿನ ಅಡಿಯಲ್ಲಿ ತೂತಿನ ತಟ್ಟೆ ಹಾಕಿ ಗಾಳಿಯಿಂದ ನೀರೆಳೆಯುವ ಅಂಡರ್‌ಗ್ರಾವೆಲ್ ಫಿಲ್ಟರ್ ಹಳೆಯ ತೊಟ್ಟಿಗಳಲ್ಲಿ ಇನ್ನೂ ಬಹಳ ಇದೆ. ಅದು ಗಸಿಯನ್ನು ಕಲ್ಲಿನೊಳಕ್ಕೆ ಎಳೆದುಕೊಳ್ಳುವುದರಿಂದ ಇಲ್ಲಿ ಸೈಫನ್ ತಪ್ಪಿಸಿದರೆ ಕಲ್ಲು ಗಟ್ಟಿಯಾಗಿ ಫಿಲ್ಟರೇ ಕಟ್ಟಿಹೋಗುತ್ತದೆ. ತಿಂಗಳಿಗೊಮ್ಮೆ ಆ ತಟ್ಟೆಯಿಂದ ಮೇಲಕ್ಕೆ ನಿಂತ ಕೊಳವೆಯ ಮುಚ್ಚಳ ತೆಗೆದು ಸಣ್ಣ ಪೈಪನ್ನೇ ಅದರೊಳಗೆ ತಳದವರೆಗೆ ಇಳಿಸಿ ಎರಡು ಮೂರು ಲೀಟರ್ ಎಳೆಯಿರಿ, ತಟ್ಟೆಯ ಅಡಿಯ ಕೆಸರು ಬರುತ್ತದೆ. ಏಳೆಂಟು ಗಂಟೆ ಕರೆಂಟ್ ಹೋಗಿದ್ದರೆ ತಟ್ಟೆಯಡಿಯ ನೀರು ಕೆಟ್ಟಿರುತ್ತದೆ. ಪಂಪು ಹಾಕುವ ಮೊದಲು ಅದನ್ನೂ ಹೀಗೆಯೇ ತೆಗೆದುಬಿಡಿ.

ಪೂರ್ತಿ ತೆಗೆಯಲೇಬೇಕಾದಾಗ

ಮನೆ ಬದಲಿಸುವಾಗ, ತೊಟ್ಟಿ ಸೋರುವಾಗ, ಬಣ್ಣ ಬಿಡುವ ಕಲ್ಲನ್ನು ಬದಲಿಸುವಾಗ ಬೇರೆ ದಾರಿಯಿಲ್ಲ. ಮನೆ ಬದಲಾವಣೆಯಾದರೆ ತೊಟ್ಟಿಯ ನೀರನ್ನು ಸಾಧ್ಯವಾದಷ್ಟು ಕ್ಯಾನ್‌ಗಳಲ್ಲಿ ಒಯ್ಯಿರಿ. ಕಲ್ಲನ್ನು ಅದೇ ನೀರಿನಲ್ಲಿ ಒಮ್ಮೆ ಜಾಲಿಸಿ, ಒದ್ದೆಯಾಗಿಯೇ ಬಕೆಟ್‌ನಲ್ಲಿ ಗಾಳಿಯಾಡುವಂತಿಟ್ಟು ಅದೇ ದಿನ ಮತ್ತೆ ಹಾಕಿ. ಒಣಗಿದರೆ ಬ್ಯಾಕ್ಟೀರಿಯಾ ಸತ್ತಂತೆ. ಕಲ್ಲು ತುಂಬಿದ ತೊಟ್ಟಿಯನ್ನು ಎತ್ತಬೇಡಿ: ಎರಡಿಂಚು ಕಲ್ಲೇ 14 ಕೆ.ಜಿ. ತೂಗುತ್ತದೆ, ತಳದ ಸಿಲಿಕೋನ್ ಅಂಟು ಬಿಡುತ್ತದೆ.

ಕಲ್ಲು ಬದಲಿಸುವುದಾದರೆ ಈ ವಾರ ಅರ್ಧ, ಮೂರು ವಾರದ ನಂತರ ಉಳಿದರ್ಧ. ಹಳೆಯ ಕಲ್ಲಿನ ಎರಡು ಹಿಡಿಯನ್ನು ತೆಳು ಕಾಲುಚೀಲದಲ್ಲಿ ಕಟ್ಟಿ ಹೊಸ ಕಲ್ಲಿನ ಮೇಲೆ ಒಂದು ತಿಂಗಳು ಇಟ್ಟರೆ ಹೊಸದಕ್ಕೆ ಹೆಪ್ಪು ಹಾಕಿದಂತೆ.

ಹೊಸ ಕಲ್ಲನ್ನು ಮಾತ್ರ ಮನಸೋ ಇಚ್ಛೆ ತೊಳೆಯಬಹುದು, ಅದರಲ್ಲಿ ಕಳೆದುಕೊಳ್ಳಲು ಏನಿಲ್ಲ. ಸೋಪು ಮಾತ್ರ ಬೇಡ. ಬಕೆಟ್‌ನ ಕಾಲುಭಾಗ ಕಲ್ಲು ಹಾಕಿ ನೀರು ಬಿಟ್ಟು ಕೈಯಾಡಿಸಿ ಬಗ್ಗಿಸಿ, ನೀರು ತಿಳಿಯಾಗುವವರೆಗೆ. ಬಣ್ಣದ ಕಲ್ಲನ್ನು ಬಿಳಿ ಬಟ್ಟೆಯಲ್ಲಿ ಉಜ್ಜಿ ನೋಡಿ, ಬಣ್ಣ ಹತ್ತಿದರೆ ವಾಪಸು ಕೊಡಿ. ಬಿಳಿ ಕಲ್ಲಾದರೆ ನಾಲ್ಕು ಹನಿ ವಿನೆಗರ್ ಅಥವಾ ನಿಂಬೆರಸ ಬಿಡಿ. ನೊರೆ ಎದ್ದರೆ ಅದು ಅಮೃತಶಿಲೆಯ ಚೂರು. ನೀರನ್ನು ಇನ್ನಷ್ಟು ಗಡಸು ಮಾಡುತ್ತದೆ. ಮೋಲಿಗೆ ಅದು ಒಗ್ಗುತ್ತದೆ, ಟೆಟ್ರಾಗಳಿಗೆ ಒಗ್ಗುವುದಿಲ್ಲ.